ಆಟದ ರಣಭೂಮಿಯಲ್ಲಿ ಅಪಾಯದ ನೆಲ

ನಿವೃತ್ತನಾದ ಶಿಕ್ಷಕನ ಮನೆಗೆ ಬೇಸಿಗೆಯ ರಜೆ ಬಂದಿತೆಂದರೆ ಶಾಲೆಯು ಮತ್ತೆ ತೆರೆಯಿತೆಂದೇ ತಿಳಿಯಬೇಕು. ಚಿಕ್ಕೋಡಿಯ ನಮ್ಮ ಮನೆಗೆ ವೈಶಾಖಮಾಸದಲ್ಲಿ ತಮ್ಮನ ಮಕ್ಕಳು ಬೆಳಗಾವಿಯಿಂದಲೂ, ತಂಗಿಯ ಮಕ್ಕಳು ಕೃಷ್ಣಾತೀರದ ಹಳ್ಳಿಯಿಂದಲೂ, ನಮ್ಮ ಮನೆಯವರ ತವರಿನ ಹುಡುಗರು ಅಥಣಿಯಿಂದಲೂ ಬಂದು ಸೇರುವರು. ಮೊದಲಾದರೆ ಈ ಮಕ್ಕಳು ಪಡಸಾಲೆಯ ಕಲ್ಲಿನ ಮೇಲೆ ಚೌಕಾಬಾರದ ಮನೆಗಳನ್ನು ಬರೆದು ಕವಡೆ ಆಡುತ್ತಿದ್ದರು. ಈಗ ನಾಲ್ಕು ವರ್ಷಗಳಿಂದ ಬೇರೊಂದು ಆಟವು ನಮ್ಮ ಮನೆಯನ್ನು ಹೊಕ್ಕಿದೆ. ಕಳೆದ ರಜೆಯಲ್ಲಿ ಆ ಆಟದ ಒಂದು ಕಟ್ಟಳೆಯ ನಿಮಿತ್ತ ಮಕ್ಕಳೊಳಗೆ ವ್ಯಾಜ್ಯವುಂಟಾಯಿತು. ತೀರ್ಪು ಹೇಳಹೋದ ನಾವು ತಪ್ಪು ತೀರ್ಪನ್ನು ಹೇಳಿ, ಮೂರು ದಿನ ಒಬ್ಬ ಹುಡುಗಿಯ ಮೌನವನ್ನು ಅನುಭವಿಸಬೇಕಾಯಿತು. ಆ ಸಂಗತಿಯನ್ನೂ, ತರುವಾಯ ಎಲ್ಲರೂ ಕೂಡಿ ಗೊತ್ತುಮಾಡಿದ ಕಟ್ಟಳೆಗಳನ್ನೂ ವಾಚಕರ ಮುಂದಿಡುವೆವು. ಮಕ್ಕಳಿರುವ ಮನೆಗಳಲ್ಲಿ ಇವು ಉಪಯೋಗಕ್ಕೆ ಬಂದಾವು.

ಈ ಆಟವನ್ನು ಕಾಣದವರಿಗಾಗಿ ಮೊದಲು ಅದರ ಸ್ವರೂಪವನ್ನು ಹೇಳಬೇಕು. ಅಮೇರಿಕೆಯಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ೧೯೭೪ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಿಂದ ಇದನ್ನು ಪ್ರಕಟಿಸಿದರು. ನಾಲ್ಕಾರು ಜನರು ಮೇಜಿನ ಸುತ್ತ ಕುಳಿತುಕೊಳ್ಳುವರು. ಅವರಲ್ಲೊಬ್ಬನು ಸೂತ್ರಧಾರ, ಉಳಿದವರು ಒಂದೊಂದು ಪಾತ್ರವನ್ನು ವಹಿಸುವರು. ಒಬ್ಬನು ಖಡ್ಗಧಾರಿಯಾದರೆ ಇನ್ನೊಬ್ಬಳು ಬಿಲ್ಲಾಳು, ಮತ್ತೊಬ್ಬನು ಮಂತ್ರವಾದಿ. ‘ಕಾಡು ಮುಗಿಯಿತು, ಎದುರಿಗೆ ಹಾಳು ಕೋಟೆಯೊಂದು ಕಾಣುತ್ತಿದೆ’ ಎಂದು ಸೂತ್ರಧಾರನು ವರ್ಣಿಸುವನು. ತಾವು ಮುಂದೆ ಏನು ಮಾಡುವೆವೆಂಬುದನ್ನು ಪಾತ್ರಧಾರಿಗಳು ಬಾಯಿಂದ ಹೇಳುವರು. ಅದು ಕೈಗೂಡುವದೋ ಇಲ್ಲವೋ ಎಂಬುದನ್ನು ದಾಳವು ನಿರ್ಣಯಿಸುವದು. ಆ ದಾಳಕ್ಕೆ ಇಪ್ಪತ್ತು ಮುಖಗಳು. ನಮ್ಮ ಪಗಡೆಯ ದಾಳಕ್ಕೆ ನಾಲ್ಕೇ ಮುಖಗಳಿದ್ದುದನ್ನು ನೆನೆದರೆ, ಈ ಕಾಲದಲ್ಲಿ ದೈವವೂ ಐದು ಪಟ್ಟು ಚಂಚಲವಾಯಿತೆನ್ನಬೇಕು. ಯುದ್ಧದ ಪ್ರಸಂಗ ಒದಗಿದಾಗ ಮಾತ್ರ ಚೌಕುಳಿಯ ದೊಡ್ಡ ಹಾಳೆಯನ್ನು ಹಾಸಿ, ಅದರ ಮೇಲೆ ಬೊಂಬೆಗಳನ್ನೋ ಹುಣಸೆಬೀಜಗಳನ್ನೋ ಇಟ್ಟು ನಡೆಸುವರು. ಒಂದು ಚೌಕವೆಂದರೆ ಐದು ಅಡಿ ನೆಲ. ಒಂದೊಂದು ಪಾತ್ರಕ್ಕೂ ಇಂತಿಷ್ಟು ಪ್ರಾಣಾಂಕಗಳಿದ್ದು, ಅವು ಸೊನ್ನೆಗಿಳಿದರೆ ಆ ಪಾತ್ರವು ನೆಲಕ್ಕೊರಗಿದಂತೆ.

ಈ ಆಟದ ಮೂಲವನ್ನು ಹುಡುಕುತ್ತ ಹೋದರೆ ಅದರ ಪೂರ್ವಜರು ಪ್ರಶ್ಯದೇಶದಲ್ಲಿ ದೊರೆಯುವರು. ೧೮೧೨ರಲ್ಲಿ ರೈಸ್ವಿಟ್ಸ್ ಎಂಬವನು ಅಲ್ಲಿಯ ದೊರೆಗೆ ಒಂದು ಯುದ್ಧದಾಟದ ಮೇಜನ್ನು ಒಪ್ಪಿಸಿದನು; ಗುಡ್ಡ, ಹೊಳೆ, ಊರು, ದಾರಿಗಳನ್ನು ಉಬ್ಬುತಗ್ಗುಗಳಿಂದ ತೋರಿಸುವ ತುಂಡುಗಳನ್ನು ಅದರ ಮೇಲೆ ಬೇಕಾದಂತೆ ಜೋಡಿಸಬಹುದಾಗಿತ್ತು. ಅವನ ಮಗನು ೧೮೨೪ರಲ್ಲಿ ಅದನ್ನೇ ನಕಾಶೆಯ ಮೇಲಿನ ಆಟವನ್ನಾಗಿ ತಿದ್ದಿ, ನಡುವೆ ಒಬ್ಬ ಮಧ್ಯಸ್ಥನನ್ನು ಕುಳ್ಳಿರಿಸಿ, ಸೇನಾಧಿಕಾರಿಗಳ ಶಿಕ್ಷಣಕ್ಕೆ ಒದಗಿಸಿದನು. ನಿಯಮಗಳು ಬೆಳೆಬೆಳೆದು ಆಟವು ಭಾರವಾಗಲು, ೧೮೭೬ರಲ್ಲಿ ವೆರ್ಡಿ ಎಂಬ ಸೇನಾನಿಯು ಬೇರೆ ಮಾರ್ಗವನ್ನು ಹಿಡಿದನು: ಕೋಷ್ಟಕಗಳು ಬೇಡ, ಅನುಭವಿಯಾದ ಮಧ್ಯಸ್ಥನ ವಿವೇಚನೆಯೇ ಸಾಕು. ಕಟ್ಟಳೆ ದೊಡ್ಡದೋ ಮಧ್ಯಸ್ಥನು ದೊಡ್ಡವನೋ ಎಂಬ ಈ ಪ್ರಶ್ನೆಯೇ ನಮ್ಮ ಪಡಸಾಲೆಗೂ ಬಂದು ಕುಳಿತಿತು.

ಮನೆಯ ಕಟ್ಟಳೆ ಎಂಬುದು ನಮಗೆ ಹೊಸದಲ್ಲ. ಚೌಕಾಬಾರವನ್ನೇ ನೋಡಿರಿ. ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ನಾಲ್ಕು, ಎಲ್ಲವೂ ಬೋರಲಾದರೆ ಎಂಟು, ಎರಡಕ್ಕೂ ಮತ್ತೊಂದು ಎಸೆತ; ಇಷ್ಟನ್ನು ಎಲ್ಲರೂ ಒಪ್ಪುವರು. ಆದರೆ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಕೂಡದೆಂಬುದು ನಮ್ಮ ಮನೆಯ ಕಟ್ಟಳೆ. ನಮ್ಮ ಮನೆಯವರ ತವರಿನಲ್ಲಿ ಈ ನಿರ್ಬಂಧವಿರಲಿಲ್ಲ. ಮದುವೆಯಾದ ಮೊದಲ ವರ್ಷದ ಶ್ರಾವಣದಲ್ಲಿ ಇದೇ ಕಾರಣದಿಂದ ನಮ್ಮಿಬ್ಬರೊಳಗೆ ಆದ ವಾಗ್ವಾದವನ್ನು ಇಲ್ಲಿ ವಿಸ್ತರಿಸುವದು ಉಚಿತವಲ್ಲ. ನಮ್ಮ ನುಡಿಯಲ್ಲಿ ಪಟದ ಚೌಕಕ್ಕೂ ‘ಮನೆ’ ಎಂಬ ಹೆಸರೇ ಇರುವದು ಒಂದು ಸ್ವಾರಸ್ಯ. ಮನೆಯ ಕಟ್ಟಳೆ ಎಂದರೆ ಎರಡು ಅರ್ಥಗಳೂ ಕೂಡಿ ಬರುವವು.

ಹೊಸ ಆಟದಲ್ಲಿ ಹೆಚ್ಚು ಕಟ್ಟಳೆಗಳನ್ನು ಬೇಡುವ ಮನೆಗಳೆಂದರೆ ಅಪಾಯದ ಮನೆಗಳು: ಕೆಸರು, ಬೆಂಕಿ, ಪ್ರಪಾತ, ಹೊಳೆ. ಅಚ್ಚಾದ ಗ್ರಂಥವು ಇವುಗಳ ವಿಷಯದಲ್ಲಿ ಮಿತಭಾಷಿಯಾಗಿದೆ. ೨೦೧೪ರಲ್ಲಿ ಹೊರಟ ಐದನೆಯ ಆವೃತ್ತಿಯಂತೆ ದುರ್ಗಮವಾದ ನೆಲದಲ್ಲಿ ನಡಿಗೆಯ ವೆಚ್ಚವು ಇಮ್ಮಡಿ. ಎತ್ತರದಿಂದ ಬಿದ್ದರೆ ಹತ್ತು ಅಡಿಗೊಂದರಂತೆ ಆರು ಮುಖದ ದಾಳವನ್ನೆಸೆದು ಬಂದಷ್ಟು ಪ್ರಾಣಾಂಕಗಳನ್ನು ಕಳೆಯಬೇಕು, ಇಪ್ಪತ್ತು ದಾಳಗಳಿಗೆ ಮಿತಿ. ಉಳಿದುದರಲ್ಲಿ ಬಹುಭಾಗವು ಸೂತ್ರಧಾರನ ವಿವೇಚನೆಗೆ ಬಿಟ್ಟದ್ದು. ಆ ದಿನದ ಸೂತ್ರಧಾರನು ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುವ ನಮ್ಮ ತಮ್ಮನ ಮಗ. ಹುಡುಗನು ಚತುರ, ಕಲ್ಪನಾಶಕ್ತಿಯುಳ್ಳವನು. ಒಂದೇ ದೋಷವೆಂದರೆ, ತನ್ನ ಕಥೆಯಲ್ಲಿ ಕೇಳುವವರು ಬೆಚ್ಚಿಬೀಳದಿದ್ದರೆ ಅವನಿಗೆ ಸಮಾಧಾನವಿಲ್ಲ.

ಅವನು ಹಾಳೆಯ ನಡುವೆ ನೀಲಿ ಬಣ್ಣದಿಂದ ಒಂದು ಹೊಳೆಯನ್ನು ಬರೆದಿದ್ದನು. ಆಚೆಯ ದಂಡೆಯಲ್ಲಿ ನಾಲ್ವರು ದೈತ್ಯರು. ತಂಗಿಯ ಮಗಳು, ಈಗ ಹೈಸ್ಕೂಲು ಓದುವ ಹುಡುಗಿ, ತನ್ನ ಬಿಲ್ಲಾಳನ್ನು ಪಾದ ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿ ಬಾಣ ಹೂಡಿದಳು. ಆಗ ಸೂತ್ರಧಾರನು ಗಂಭೀರಧ್ವನಿಯಿಂದ ಹೊಳೆ ಏರಿತೆಂದೂ, ಅವಳ ಪ್ರಾಣಾಂಕಗಳಲ್ಲಿ ಹದಿನೆಂಟು ಹೋದವೆಂದೂ ಸಾರಿದನು. ಅವಳಲ್ಲಿದ್ದುದು ಹದಿನೇಳು.

“ಮೊದಲಽ ಯಾಕ ಹೇಳಲಿಲ್ಲ ಅಣ್ಣಾ?” ಎಂದು ಅವಳು ಕೇಳಿದಳು.

“ಹೊಳಿ ಏನ ಹೇಳಿ ಏರತದೇನು?” ಎಂದು ಅವನು ನಕ್ಕನು.

ವ್ಯಾಜ್ಯವು ಕಟ್ಟೆಯ ಮೇಲೆ ಪತ್ರಿಕೆಯನ್ನೋದುತ್ತ ಕುಳಿತಿದ್ದ ನಮ್ಮ ಬಳಿಗೆ ಬಂದಿತು. ನಾವು ಪತ್ರಿಕೆಯನ್ನು ಪೂರ್ತಿ ಕೆಳಗಿಡದೆಯೇ, ನದಿಯನ್ನು ನಂಬಬಾರದೆಂಬ ಹಿತೋಪದೇಶದ ನೀತಿಯನ್ನು ಹೇಳಿ, ಹೊಳೆಯು ಯಾರಿಗೂ ನೋಟೀಸು ಕೊಟ್ಟು ಏರುವದಿಲ್ಲವಾದ್ದರಿಂದ ಸೂತ್ರಧಾರನ ಮಾತೇ ಸರಿಯೆಂದು ತೀರ್ಪಿತ್ತೆವು. ಹುಡುಗಿಯು ಅಳಲಿಲ್ಲ. ತನ್ನ ದಾಳವನ್ನು ಡಬ್ಬಿಗೆ ಹಾಕಿ ಒಳಗೆ ಹೋದಳು. ಆ ಮೇಲೆ ಮೂರು ದಿನ ಮೇಜಿನ ಬಳಿ ಸುಳಿಯಲಿಲ್ಲ. ನಮ್ಮೊಡನೆ ಮಾತೂ ಅಷ್ಟಕ್ಕಷ್ಟೆ.

ಇಲ್ಲಿ ನಮ್ಮ ಸೀಮೆಯ ಭೂಗೋಲವನ್ನು ಸ್ವಲ್ಪ ಹೇಳಬೇಕು. ನಿಪ್ಪಾಣಿಯ ಕಡೆಯಿಂದ ಬರುವ ವೇದಗಂಗೆಯು ದೂಧಗಂಗೆಯನ್ನು ಕೂಡುವದು; ದೂಧಗಂಗೆಯು ಯಡೂರಿನ ಸಮೀಪದಲ್ಲಿ ಕೃಷ್ಣೆಯನ್ನು ಕೂಡುವದು. ಕೃಷ್ಣೆಯು ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ತಾಲೂಕುಗಳ ಹಳ್ಳಿಗಳನ್ನು ತಾಕುತ್ತ ಮೂಡಲಿಗೆ ಸಾಗುವಳು. ಮಳೆಗಾಲದಲ್ಲಿ ತಗ್ಗಿನ ಸೇತುವೆಗಳು ಮುಳುಗಿ ದಾರಿ ಕಡಿಯುವದು ಪ್ರತಿವರ್ಷದ ಮಾತು. ಆದರೆ ೨೦೦೫, ೨೦೧೯, ೨೦೨೧ ಈ ವರ್ಷಗಳ ನೆರೆಗಳು ಆ ಲೆಕ್ಕಕ್ಕೆ ಸೇರಿದವಲ್ಲ. ೨೦೧೯ರ ಅಗಸ್ಟಿನಲ್ಲಿ ದಂಡೆಯ ಊರೂರುಗಳೇ ನೀರಿನೊಳಗಾಗಿ, ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ನಮ್ಮ ತಂಗಿಯ ಮನೆಯು ಅಂಥ ಒಂದು ಹಳ್ಳಿಯಲ್ಲಿದೆ. ಈ ಹುಡುಗಿಗೆ ಆಗ ಆರು ವರ್ಷ.

ಮೂರನೆಯ ದಿನ ಸಂಜೆ ಅವಳು ಅಡಿಗೆಮನೆಯ ಹೊಸ್ತಿಲ ಬಳಿ ಕುಳಿತು ಕಡಲೆಯನ್ನು ಆರಿಸುತ್ತಿದ್ದಳು. ನಾವು ಹತ್ತಿರ ಕುಳಿತು, ಆಟಕ್ಕೆ ಏಕೆ ಬರಲೊಲ್ಲೆ ಎಂದು ಕೇಳಿದೆವು. ಅವಳು ಹರಿವಾಣದಿಂದ ಕಣ್ಣೆತ್ತದೆ ಹೇಳಿದ್ದು ಇಷ್ಟು:

“ನೀವು ಹೇಳಿದ್ದು ಖರೇ ಅಲ್ಲರಿ ಮಾಮಾ. ಹೊಳಿ ನಮಗ ಹೇಳಿನಽ ಬಂದಿತ್ತು.”

ಅವಳ ತಂದೆಯು ಆ ವಾರವೆಲ್ಲ ಬೆಳಿಗ್ಗೆ ಸಂಜೆ ಗುಡಿಯ ಘಟ್ಟಕ್ಕೆ ಹೋಗಿ, ಮೆಟ್ಟಿಲುಗಳಲ್ಲಿ ಎಷ್ಟು ಉಳಿದಿವೆಯೆಂದು ಎಣಿಸಿ ಬರುತ್ತಿದ್ದನಂತೆ. ಕೊಯ್ನಾ ಆಣೆಕಟ್ಟಿನಿಂದ ಎಷ್ಟು ಬಿಟ್ಟರು, ರಾಜಾಪುರದ ಬ್ಯಾರೇಜಿನಿಂದ ಎಷ್ಟು ಬಂತು ಎಂಬುದು ದಿನಾಲು ಪತ್ರಿಕೆಯಲ್ಲಿ ಕ್ಯೂಸೆಕ್ಸಿನ ಲೆಕ್ಕದಲ್ಲಿ ಬರುತ್ತಿತ್ತು. (ಒಂದು ಕ್ಯೂಸೆಕ್ ಎಂದರೆ ಕ್ಷಣಕ್ಕೊಂದು ಘನ ಅಡಿ, ಸುಮಾರು ೨೮ ಲೀಟರು ನೀರು.) ಜೀಪಿನಲ್ಲಿ ಮೈಕು ಕಟ್ಟಿಕೊಂಡು ಬಂದು ಊರು ಬಿಡಿರೆಂದು ಸಾರಿದರು. ನೆರೆಯವರು ದನಗಳನ್ನು ಹೊಡೆದುಕೊಂಡು ಹೋದರು. ಆದರೆ ೨೦೦೫ರ ನೀರು ತಮ್ಮ ಮನೆಯ ಕಟ್ಟೆಯನ್ನು ಮುಟ್ಟಿರಲಿಲ್ಲವಾದ್ದರಿಂದ ಈಗಲೂ ಮುಟ್ಟಲಾರದೆಂದು ಮನೆಯ ಹಿರಿಯರು ಹಟ ಹಿಡಿದರು. ಕೊನೆಗೆ ರಾತ್ರಿಯಲ್ಲಿ ಅವಸರದಿಂದ ದೋಣಿಯನ್ನು ಹತ್ತಬೇಕಾಯಿತು. ಹಿತ್ತಿಲ ಕೊಟ್ಟಿಗೆಯಲ್ಲಿ ಕಟ್ಟಿದ ಆಕಳ ಹಗ್ಗವನ್ನು ಬಿಚ್ಚುವ ಕೆಲಸವನ್ನು ಒಬ್ಬರು ಮಾಡಿರುವರೆಂದು ಇನ್ನೊಬ್ಬರು ತಿಳಿದರು.

“ಎಲ್ಲಾರಿಗೂ ಹೇಳಿತ್ತರಿ ಹೊಳಿ. ಕಟ್ಟಿ ಹಾಕಿದ್ದ ಆಕಳಿಗಷ್ಟಽ ಯಾರೂ ಹೇಳಲಿಲ್ಲ. ಆಟದಾಗ ಅಣ್ಣ ನನ್ನ ಆ ಆಕಳ ಮಾಡಿದಾ. ನೀವೂ ಬರೋಬ್ಬರಿ ಅಂದ್ರಿ.”

ನಾವು ಮೂವತ್ತೈದು ವರ್ಷ ಪಾಠ ಹೇಳಿದವರು. ಆ ಹೊತ್ತಿಗೆ ನಮಗೆ ಹೇಳತಕ್ಕ ಮಾತು ಯಾವುದೂ ತೋಚಲಿಲ್ಲ. ಅವಳೊಡನೆ ಕುಳಿತು ಕಡಲೆಯನ್ನಾರಿಸಿದೆವು.

ಅಂದು ರಾತ್ರಿ ನಿದ್ರೆ ಬಾರದಿರಲು ನಮ್ಮ ಹಳೆಯ ಪುಸ್ತಕಗಳನ್ನು ತೆಗೆದೆವು. ಮೊದಲು ನೆನಪಿಗೆ ಬಂದುದು ಭಾರತದ ಸಭಾಪರ್ವ. ಮಯನ ಸಭೆಯಲ್ಲಿ ದುರ್ಯೋಧನನು ಸ್ಫಟಿಕದ ನೆಲವನ್ನು ನೀರೆಂದು ಬಗೆದು ಉಡುಗೆಯನ್ನೆತ್ತಿ ನಡೆದನು, ನೀರನ್ನು ನೆಲವೆಂದು ಬಗೆದು ಬಟ್ಟೆಸಹಿತ ಬಿದ್ದನು, ನೋಡಿದವರು ನಕ್ಕರು. ಅವನಿಗೆ ನೋವಾದದ್ದು ನೀರಿನಿಂದಲ್ಲ. ಯಾವುದು ನೀರು ಯಾವುದು ನೆಲ ಎಂಬುದು ನಗುವವರಿಗೆ ತಿಳಿದಿದ್ದು ತನಗೆ ಮಾತ್ರ ತಿಳಿಯದೆ ಹೋಯಿತಲ್ಲಾ ಎಂಬುದರಿಂದ. ಅಲ್ಲಿಂದ ದ್ಯೂತಕ್ಕೂ, ದ್ಯೂತದಿಂದ ಕುರುಕ್ಷೇತ್ರಕ್ಕೂ ದಾರಿಯು ಬಹಳ ದೂರವಿರಲಿಲ್ಲ. ಅದೇ ಭಾರತದ ಭೀಷ್ಮಪರ್ವದಲ್ಲಿ ಯುದ್ಧಾರಂಭಕ್ಕೆ ಮೊದಲು ಎರಡೂ ಪಕ್ಷದವರು ಕೂಡಿ ಕಟ್ಟಳೆಗಳನ್ನು ಮಾಡಿಕೊಂಡರು: ರಥಿಕನು ರಥಿಕನೊಡನೆಯೇ ಕಾದಬೇಕು, ಓಡುವವನನ್ನು ಹೊಡೆಯಬಾರದು ಎಂದು ಮುಂತಾಗಿ. ಅವು ಒಂದೊಂದಾಗಿ ಮುರಿದುಬಿದ್ದ ಕಥೆಯೇ ಮುಂದಿನ ಪರ್ವಗಳು. ಕರ್ಣನ ರಥದ ಗಾಲಿಯನ್ನು ನೆಲವು ನುಂಗಿದಾಗ ಅವನು ಒಂದು ಕ್ಷಣದ ಬಿಡುವನ್ನು ಬೇಡಿದ್ದು ಎಲ್ಲರಿಗೂ ತಿಳಿದ ವಿಷಯ. ಅವನಿಗೆ ಬಿಡುವು ಕೊಡಬೇಕಾಗಿತ್ತೇ ಎಂಬ ವಿಷಯದಲ್ಲಿ ನಮ್ಮ ಶಾಲೆಯ ಹುಡುಗರು ಪ್ರತಿವರ್ಷವೂ ಎರಡು ಪಕ್ಷವಾಗಿ ಒಡೆಯುತ್ತಿದ್ದರು.

ಆದರೆ ಆಟಕ್ಕೆ ನೇರವಾಗಿ ಉಪಯೋಗವಾದುದು ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನ ಪ್ರಾಚ್ಯಪುಸ್ತಕಭಂಡಾರದಲ್ಲಿದ್ದ ಓಲೆಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಶೋಧಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದ ಗ್ರಂಥವಿದು. ಇದರ ಹತ್ತನೆಯ ಅಧಿಕರಣದಲ್ಲಿ ಯಾವ ಸೇನಾಂಗಕ್ಕೆ ಯಾವ ನೆಲವು ಒಪ್ಪುವದೆಂಬ ವಿವರಣೆಯಿದೆ. ರಥಕ್ಕೆ ಬೇಕಾದುದು ಸಮವಾದ, ಗಟ್ಟಿಯಾದ ನೆಲ. ಮರದ ಮೋಟು, ಹುತ್ತ, ಮರಳು, ಕೆಸರು, ಬಿರುಕು ಯಾವುದೂ ಕೂಡದು. ಕುದುರೆಗೆ ಸಣ್ಣ ಕಲ್ಲು, ಸಣ್ಣ ಮರ, ನೆಗೆದು ದಾಟಬಹುದಾದ ತಗ್ಗುಗಳಿದ್ದರೂ ಸಾಗುವದು. ಕಾಲಾಳು ದೊಡ್ಡ ಮೋಟು, ಬಂಡೆ, ಹುತ್ತಗಳ ನಡುವೆಯೂ ಕಾದಬಲ್ಲನು. ಆನೆಗಾದರೋ ಏರಬಹುದಾದ ಗುಡ್ಡ, ಇಳಿಯಬಹುದಾದ ನೀರು, ಮುರಿಯಬಹುದಾದ ಮರ, ಕೆಸರು ಇವೆಲ್ಲ ಅನುಕೂಲವೇ. ಇದರ ಇಂಗಿತವನ್ನು ನೋಡಿರಿ. ‘ಅಪಾಯದ ನೆಲ’ವೆಂಬ ವಸ್ತುವು ಸ್ವತಂತ್ರವಾಗಿ ಇಲ್ಲವೇ ಇಲ್ಲ. ಯಾರಿಗೆ ಅಪಾಯ ಎಂದು ಕೇಳಬೇಕು. ಒಂದೇ ಕೆಸರು ರಥಕ್ಕೆ ಮೃತ್ಯು, ಆನೆಗೆ ವಿಹಾರ. ಅಮೇರಿಕೆಯ ಗ್ರಂಥವು ಕೆಸರಿನಲ್ಲಿ ಎಲ್ಲರ ನಡಿಗೆಯನ್ನೂ ಒಂದೇ ಸಮನೆ ಇಮ್ಮಡಿಗೊಳಿಸಿ ಕೈತೊಳೆದುಕೊಂಡಿದೆ. ಈ ವಿಷಯದಲ್ಲಿ ನಮ್ಮ ವಿಷ್ಣುಗುಪ್ತನೇ ಬಲ್ಲವನೆಂದು ನಮ್ಮ ಮತ.

ಮರುದಿನ ಮಕ್ಕಳೆಲ್ಲರನ್ನೂ ಕೂಡಿಸಿ, ಹುಡುಗಿಯ ಎದುರಿನಲ್ಲಿಯೇ ನಮ್ಮ ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡೆವು. ಅಣ್ಣನೂ ತಲೆ ಕೆರೆದುಕೊಂಡು, “ನನಗ ಆ ಆಕಳ ಸುದ್ದಿ ಗೊತ್ತಿರಲಿಲ್ಲ ದೊಡ್ಡಪ್ಪಾ” ಎಂದನು. ಆದರೆ ತನ್ನ ಪಕ್ಷವನ್ನು ಸುಮ್ಮನೆ ಬಿಟ್ಟುಕೊಡಲಿಲ್ಲ. ಎಲ್ಲವನ್ನೂ ಮೊದಲೇ ಹೇಳಿಬಿಟ್ಟರೆ ಕುತೂಹಲವೆಲ್ಲಿ ಉಳಿಯಿತು? ಮುಚ್ಚಿದ ಹಳ್ಳವನ್ನು ತೋರಿಸಿದರೆ ಅದು ಹಳ್ಳವೇ? ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆಯೆಂದು ನಾವೂ ಒಪ್ಪಿದೆವು. ಹುಡುಗಿಯೇ ಅದಕ್ಕೆ ದಾರಿ ತೋರಿಸಿದಳು. ಅಪಾಯವನ್ನು ಹೇಳಬೇಕಾಗಿಲ್ಲ, ಸುಳಿವನ್ನು ಕೊಡಬೇಕು ಎಂದಳು. ನೀರು ಏರುವ ಮುನ್ನ ಅದರ ಬಣ್ಣ ಕೆಂಪಗಾಗುವದು, ಕಸಕಡ್ಡಿ ತೇಲಿಬರುವದು. ಇಂಥದೊಂದನ್ನು ಸೂತ್ರಧಾರನು ತನ್ನ ವರ್ಣನೆಯಲ್ಲಿ ಸೇರಿಸಲೇಬೇಕು. ಕೇಳಿಸಿಕೊಂಡು ವಿಚಾರಿಸಿದವನಿಗೆ ನಿಜವನ್ನು ಹೇಳಲೇಬೇಕು. ವಿಚಾರಿಸದೆ ನುಗ್ಗಿದವನು ತನ್ನ ಪಾಡನ್ನು ತಾನೇ ಅನುಭವಿಸಲಿ. ಇದು ನಮ್ಮ ಮನೆಯ ಮೊದಲ ಕಟ್ಟಳೆಯಾಯಿತು.

ಹೊಳೆಯ ವಿಷಯದಲ್ಲಿ ಎರಡು ದಿನ ಚರ್ಚೆ ನಡೆಯಿತು. ಅದರ ಫಲವನ್ನು ಸ್ವಲ್ಪ ವಿವರವಾಗಿ ಹೇಳುವೆವು. ಹಾಳೆಯ ಅಂಚಿನಲ್ಲಿ ಘಟ್ಟದ ಮೆಟ್ಟಿಲುಗಳಂತೆ ನಾಲ್ಕು ಗೆರೆಗಳನ್ನು ಬರೆದು, ಪಾದ, ಮೊಳಕಾಲು, ನಡು, ಎದೆ ಎಂದು ಹೆಸರಿಡಬೇಕು. ಒಂದು ಕಲ್ಲು ಆ ಹೊತ್ತಿನ ನೀರಿನ ಮಟ್ಟವನ್ನು ತೋರಿಸುತ್ತಿರಬೇಕು. ನೀರನ್ನು ಏರಿಸುವ ಅಧಿಕಾರ ಸೂತ್ರಧಾರನಿಗುಂಟು. ಆದರೆ ಏರಿಸುವ ಮೊದಲು ಕಲ್ಲನ್ನು ಎರಡು ಗೆರೆಗಳ ನಡುವೆ ಇಟ್ಟು, ಎಲ್ಲರ ಸರದಿಯೂ ಒಂದು ಸುತ್ತು ಮುಗಿಯುವ ತನಕ ತಡೆಯಬೇಕು. ಪಾದದ ಮಟ್ಟದಲ್ಲಿ ತೊಂದರೆಯಿಲ್ಲ. ಮೊಳಕಾಲಿನಲ್ಲಿ ನಡಿಗೆ ಇಮ್ಮಡಿ ವೆಚ್ಚ. ನಡುಮಟ್ಟದ ನೀರಿನಲ್ಲಿ ಸರದಿಯ ಕೊನೆಗೆ ಇಪ್ಪತ್ತರ ದಾಳವನ್ನೆಸೆದು ಹತ್ತು ಅಥವಾ ಹೆಚ್ಚು ಬಾರದಿದ್ದರೆ ಒಂದು ಮನೆ ಕೆಳಗೆ ತೇಲಿಹೋಗಬೇಕು. ಎದೆಮಟ್ಟದಲ್ಲಿ ಹದಿಮೂರು ಬೇಕು, ಬಾರದಿದ್ದರೆ ಎರಡು ಮನೆ. ಕಬ್ಬಿಣದ ಕವಚ ತೊಟ್ಟವನು ಬಿದ್ದ ಸಂಖ್ಯೆಯಲ್ಲಿ ಮೂರನ್ನು ಕಳೆಯಬೇಕು. ಎದೆಮಟ್ಟದಲ್ಲಿ ಎರಡು ಸಲ ಮೇಲಿಂದ ಮೇಲೆ ಕಾಲು ಕಿತ್ತವನಿಗೆ ಮಾತ್ರ ಪ್ರಾಣಾಂಕದ ನಷ್ಟ, ಆರರ ದಾಳದಲ್ಲಿ ಬಂದಷ್ಟು. ಹೊಳೆಯು ಮೊದಲು ಎಳೆಯುವದು, ಆ ಮೇಲೆ ಕೊಲ್ಲುವದು. ಒಮ್ಮೆಲೆ ಹದಿನೆಂಟನ್ನು ಕಳೆಯುವದಿಲ್ಲ. ಆನೆಗೆ, ಕೌಟಿಲ್ಯನ ಗೌರವಾರ್ಥವಾಗಿ, ಎರಡು ಗೆರೆಗಳ ರಿಯಾಯಿತಿ.

ದಂಡೆಯಲ್ಲಿ ನಿಂತ ಸಂಗಾತಿಯು ತನ್ನ ಸರದಿಯನ್ನು ವೆಚ್ಚಮಾಡಿ ಹಗ್ಗವನ್ನೋ ಕೈಯನ್ನೋ ಚಾಚಿದರೆ ಮುಳುಗುವವನಿಗೆ ಮತ್ತೊಂದು ಎಸೆತ ಸಿಕ್ಕುವದು. ಎದುರಾಳಿಯನ್ನು ಅಪಾಯದ ಮನೆಗೆ ತಳ್ಳಬಹುದು. ತಳ್ಳಿಸಿಕೊಂಡವನಿಗೆ ಅಂಚಿನಲ್ಲಿ ಕಾಲೂರಲು ಒಂದು ಎಸೆತ ಉಂಟು. ಹೊಳೆಯು ನಮ್ಮವರು ದೈತ್ಯರು ಎಂದು ಭೇದಮಾಡದು. ಸೂತ್ರಧಾರನ ಬೊಂಬೆಗಳಿಗೂ ಇದೇ ಕಟ್ಟಳೆ.

ಎರೆಯ ನೆಲದ ಕಟ್ಟಳೆಯನ್ನು ಅಥಣಿಯ ಹುಡುಗರು ಮಾಡಿದರು. ಒಣಗಿದ್ದಾಗ ಕಲ್ಲಿನಂತಿದ್ದು ಮಳೆ ಬಿದ್ದೊಡನೆ ಅಂಟಾಗುವ ಕರಿಯ ಮಣ್ಣಿನ ಅನುಭವ ಅವರಿಗುಂಟು. ಹಸಿಯಾದ ಎರೆಯಲ್ಲಿ ಗಾಲಿಗೆ ನಾಲ್ಕು ಪಟ್ಟು ವೆಚ್ಚ, ಕುದುರೆಗೆ ಮೂರು ಪಟ್ಟು, ಮೆಟ್ಟಿದ ಕಾಲಿಗೆ ಮೂರು ಪಟ್ಟು, ಬರಿಗಾಲಿಗೆ ಎರಡೇ ಪಟ್ಟು. ಚಪ್ಪಲಿ ಮಾಡುವದರಲ್ಲಿ ಹೆಸರಾದ ಊರಿನವರೇ ಚಪ್ಪಲಿಯನ್ನು ಬಿಡಬೇಕೆಂಬ ಕಟ್ಟಳೆಯನ್ನು ತಂದದ್ದು ನಮ್ಮ ಮನೆಯವರಿಗೆ ಬಹಳ ನಗೆಯನ್ನುಂಟುಮಾಡಿತು. ಬೆಂಕಿಗೆ ಕಬ್ಬಿನ ಗದ್ದೆಯೇ ಮಾದರಿ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚಿದ್ದನ್ನು ನೋಡದ ಮಗು ಈ ಐದು ತಾಲೂಕುಗಳಲ್ಲಿ ದುರ್ಲಭ. ಗಾಳಿಯ ದಿಕ್ಕನ್ನು ಬಾಣದ ಗುರುತಿನಿಂದ ಮೊದಲೇ ಬರೆದು, ಸುತ್ತಿಗೊಂದು ಮನೆಯಂತೆ ಬೆಂಕಿಯನ್ನು ಆ ಕಡೆಗೆ ಸರಿಸಬೇಕು; ಹೊಗೆಯ ಮನೆಗಳಾಚೆಗೆ ಬಾಣ ಗುರಿಯಿಡಲಾಗದು.

ಕೊನೆಯ ಕಟ್ಟಳೆಯನ್ನು ಹುಡುಗಿಯು ತಾನೇ ಬರೆದಳು. ಅಪಾಯದ ಮನೆಯಲ್ಲಿ ಕಟ್ಟಿಹಾಕಿದ ಪ್ರಾಣಿ, ಸೆರೆಯಾಳು, ಯಾರೇ ಇರಲಿ, ಅವರ ಹಗ್ಗವನ್ನು ಬಿಚ್ಚಲು ಯಾರಿಗಾದರೂ ಒಂದು ಸರದಿ ಸಿಕ್ಕುವವರೆಗೆ ಆ ಅಪಾಯವು ಅವರನ್ನು ಮುಟ್ಟಕೂಡದು. ಮಕ್ಕಳು ಇದನ್ನು ‘ಆಕಳ ಕಟ್ಟಳೆ’ ಎನ್ನುವರು. ಇದರ ಮೇಲೆ ಚರ್ಚೆ ನಡೆಯಲಿಲ್ಲ.

ಕಟ್ಟಳೆಗಳನ್ನು ಒರೆಗೆ ಹಚ್ಚಲು ನಾವು ಒಂದು ಪ್ರಸಂಗವನ್ನು ಸೂಚಿಸಿದೆವು. ೧೫೬೫ರಲ್ಲಿ ವಿಜಯನಗರದ ಸೇನೆಯು ಕೃಷ್ಣೆಯ ಕಾಲುಹಾದಿಯನ್ನು ಕಾಯುತ್ತಿತ್ತು. ಎದುರು ದಂಡೆಯ ಸುಲ್ತಾನರು ಬೇರೆಡೆಯಲ್ಲಿ ದಾಟುವವರಂತೆ ನಟಿಸಿ ನದಿಗುಂಟ ನಡೆದರು. ಕಾವಲಿನವರು ಅವರ ಬೆನ್ನು ಹತ್ತಿ ಹಾದಿಯನ್ನು ತೆರವು ಮಾಡಲು, ತಟ್ಟನೆ ಹಿಂದಿರುಗಿ ಅಲ್ಲಿಯೇ ದಾಟಿದರು. ಅದಕ್ಕೂ ಮೊದಲು, ೧೫೨೦ರ ರಾಯಚೂರಿನ ಯುದ್ಧದಲ್ಲಿ, ಇದೇ ನದಿಯನ್ನು ದಾಟಿ ಬಂದ ಇಸ್ಮಾಯಿಲ್ ಆದಿಲಶಹನ ಸೇನೆಯು ಕೃಷ್ಣದೇವರಾಯನಿಗೆ ಸೋತು, ಹಿಮ್ಮೆಟ್ಟುವಾಗ ಅನೇಕರು ಹೊಳೆಯಲ್ಲಿ ಮುಳುಗಿ ಹೋದರು. ಈ ಎರಡನ್ನೂ ಕೂಡಿಸಿ ಅಣ್ಣನು ಒಂದು ಕಥೆಯನ್ನು ಹೆಣೆದನು.

ಆ ದಿನದ ಆಟವು ಮಧ್ಯಾಹ್ನ ಮೂರಕ್ಕೆ ಮೊದಲಾಗಿ ದೀಪ ಹಚ್ಚುವ ತನಕ 
ನಡೆಯಿತು. ಹುಡುಗಿಯು ಬಿಲ್ಲಾಳನ್ನು ಮತ್ತೆ ಹೊಳೆಯ ಅಂಚಿನಲ್ಲಿ ನಿಲ್ಲಿಸಿದಳು. ಅಣ್ಣನು ನೀರಿನಲ್ಲಿ ಕಸಕಡ್ಡಿ ತೇಲಿಬರುತ್ತಿವೆಯೆಂದು ಹೇಳಿ, ಕಲ್ಲನ್ನು ಮೊಳಕಾಲು ನಡುಗಳ ಮಧ್ಯದಲ್ಲಿಟ್ಟನು. ಉಳಿದ ಮಕ್ಕಳು ದಡಕ್ಕೆ ಓಡಿದರು. ಅವಳು ಕದಲಲಿಲ್ಲ. ತನ್ನನ್ನು ಹಿಡಿಯುವ ಆಸೆಯಿಂದ ಕವಚ ತೊಟ್ಟ ಇಬ್ಬರು ದೈತ್ಯರು ಹೊಳೆಯ ನಡುವಿಗೆ ಬರುವ ತನಕ ಕಾಯ್ದು, ತನ್ನ ಸರದಿಯಲ್ಲಿ ನೆಟ್ಟಗೆ ದಂಡೆಯನ್ನೇರಿದಳು. ನೀರು ನಡುಮಟ್ಟಕ್ಕೆ ಬಂದಿತು. ದೈತ್ಯರಿಬ್ಬರಿಗೂ ದಾಳವು ಒಲಿಯಲಿಲ್ಲ. ಅಣ್ಣನು ತನ್ನ ಬೊಂಬೆಗಳನ್ನು ಒಂದೊಂದೇ ಮನೆ ಕೆಳಗೆ ಸರಿಸುತ್ತಿರುವಾಗ ಪಡಸಾಲೆಯಲ್ಲಿ ಎದ್ದ ಕೂಗಿಗೆ ಓಣಿಯವರು ಇಣುಕಿ ನೋಡಿದರು. ಉಪಾಯವನ್ನು ಚಿಂತಿಸುವಾಗ ಅಪಾಯವನ್ನೂ ಚಿಂತಿಸಬೇಕೆಂದು ಪಂಚತಂತ್ರದ ಕೊಕ್ಕರೆಯ ಕಥೆಯಲ್ಲಿ ಕಲಿಸುತ್ತ ಬಂದಿದ್ದೆವು. ತಿಳಿದ ಅಪಾಯವೇ ಉಪಾಯವಾಗುವದನ್ನು ಅಂದು ಕಂಡೆವು. ಸೋತ ಅಣ್ಣನೇ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟಂತಿತ್ತು. ಬೆಚ್ಚಿಬೀಳಿಸುವದಕ್ಕಿಂತ, ಬರುವದು ಗೊತ್ತಿದ್ದೂ ಕಾಯುವಂತೆ ಮಾಡುವದರಲ್ಲಿ ಕುತೂಹಲ ಹೆಚ್ಚೆಂದು ಅವನೇ ರಾತ್ರಿ ಊಟದ ಹೊತ್ತಿಗೆ ನುಡಿದನು.

ಇನ್ನೊಂದು ಕಟ್ಟಳೆಯನ್ನು ಹೇಳದೆ ಬಿಟ್ಟೆವು. ಆಟವು ನಡೆದಿರುವಾಗ ಯಾವ ಕಟ್ಟಳೆಯನ್ನೂ ತಿದ್ದಕೂಡದು. ಲೋಪವು ಕಂಡುಬಂದರೆ ಬರೆದಿಟ್ಟುಕೊಂಡು, ಮರುದಿನ ಕೂಡುವ ಮೊದಲು ಎಲ್ಲರ ಒಪ್ಪಿಗೆಯಿಂದ ತಿದ್ದಬೇಕು. ಈ ಕಟ್ಟಳೆಯು ನಮ್ಮನ್ನೇ ಉದ್ದೇಶಿಸಿದ್ದೆಂದು ತೋರುವದು. ಕಟ್ಟೆಯ ಮೇಲೆ ಕುಳಿತು ಪತ್ರಿಕೆಯ ಮರೆಯಿಂದ ತೀರ್ಪು ಹೇಳುವ ಅಧಿಕಾರವು ಈಗ ನಮಗಿಲ್ಲ. ಮೇಜಿನ ಬಳಿ ಬಂದು ಕುಳಿತವನಿಗೆ ಮಾತ್ರ ಮಾತು.

ಇತ್ಯರ್ಥವಾಗದೆ ಉಳಿದದ್ದು ದೋಣಿಯ ಪ್ರಶ್ನೆ. ಎದೆಮಟ್ಟದ ನೀರಿನಲ್ಲಿ ದೋಣಿಯು ಎಷ್ಟು ಜನರನ್ನು ಹೊರುವದು, ತುಂಬಿದ ದೋಣಿಗೆ ಇನ್ನೊಬ್ಬನು ಕೈಹಾಕಿದರೆ ಏನಾಗಬೇಕು ಎಂಬಲ್ಲಿ ಮಕ್ಕಳು ಎರಡು ಪಕ್ಷವಾಗಿದ್ದಾರೆ. ಮುಂದಿನ ರಜೆಗೆ ಸೂತ್ರಧಾರಳಾಗತಕ್ಕವಳು ತಂಗಿಯ ಮಗಳು. ಅಷ್ಟರೊಳಗೆ ಕಟ್ಟಳೆಯು ಗೊತ್ತಾಗಬೇಕೆಂದು ಅವಳಿಂದ ನಮಗೆ ಎರಡು ಸಲ ಹೇಳಿಕೆ ಬಂದಿದೆ. ನಾವು ಒಣನೆಲದ ಊರಿನವರು. ನಮಗೆ ಈ ವಿಷಯದ ಅನುಭವವಿಲ್ಲ. ಯಡೂರು, ಮಾಂಜರಿ, ಕುಡಚಿ, ಉಗಾರಗಳ ಕಡೆಯ ವಾಚಕರಲ್ಲಿ ಹರಿಗೋಲನ್ನೋ ದೋಣಿಯನ್ನೋ ನಡೆಸಿ ಬಲ್ಲವರಿದ್ದರೆ, ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆದು ತಿಳಿಸಬೇಕಾಗಿ ಕೋರುವೆವು.